ಎದುರು ಬರುವ ಹಳಿ

ರೈಲು ಹಳಿಯ ಮೇಲೆ ನಡೆಯಬಾರದು ಎಂದು ನಮ್ಮ ಊರಿನಲ್ಲಿ ಮಕ್ಕಳಿಗೆ ಹೇಳುವವರು ಕಡಿಮೆ. ಯಾವ ಹಳಿಯ ಮೇಲೆ ನಡೆಯಬೇಕು ಎಂದು ಹೇಳಿಕೊಡುವವರೇ ಹೆಚ್ಚು. ಉಪ್ಪಳಕ್ಕೂ ಕುಂಬಳೆಗೂ ನಡುವೆ ಜೋಡಿ ಹಳಿ. ಮಂಗಳೂರಿಗೆ ಹೋಗುವ ರೈಲು ಕಡಲಿನ ಬದಿಯ ಹಳಿಯಲ್ಲಿ, ಮಂಗಳೂರಿನಿಂದ ಬರುವ ರೈಲು ಗುಡ್ಡೆಯ ಬದಿಯದ್ದರಲ್ಲಿ. ಹಾಗಾಗಿ ತೆಂಕಿಗೆ, ಅಂದರೆ ಕುಂಬಳೆಯ ಕಡೆಗೆ, ನಡೆಯುವವನು ಕಡಲಿನ ಬದಿ ಹಿಡಿಯಬೇಕು, ಬಡಗಿಗೆ, ಮಂಗಳೂರಿನ ಕಡೆಗೆ, ನಡೆಯುವವನು ಗುಡ್ಡೆಯ ಬದಿ. ಆಗ ರೈಲು ಬಂದರೂ ಮುಖಕ್ಕೆ ಬರುತ್ತದೆ, ಬೆನ್ನಿಗೆ ಬರುವುದಿಲ್ಲ. ಎದುರು ಬರುವ ಹಳಿ ಎಂದು ಅದಕ್ಕೆ ಹೆಸರು. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆ ಜಾಣ್ಮೆಯಲ್ಲಿ ಇದ್ದ ತೂತು ನನಗೂ ಕಂಡಿರಲಿಲ್ಲ.

ನನ್ನ ಚಿಕ್ಕಮ್ಮನ ಮಗ ಗೋಲ್‌ಕೀಪರ್. ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಒಂದು ತಂಡಕ್ಕೆ ಮೂರನೇ ಗೋಲ್‌ಕೀಪರ್ ಆಗಿದ್ದ. ಅಂದರೆ ಇಬ್ಬರು ಬಿದ್ದರೆ ಮಾತ್ರ ಆಡುವವನು. ಎರಡು ವರ್ಷ ತಂಡದೊಂದಿಗೆ ಊರೂರು ಸುತ್ತಿದ್ದ, ಒಂದು ಪಂದ್ಯವನ್ನೂ ಆಡಿರಲಿಲ್ಲ. ಅದಕ್ಕೆ ಮೊದಲು ನಾವಿಬ್ಬರೂ ಊರಿನ ಸೆವೆನ್ಸ್ ತಂಡದಲ್ಲಿದ್ದೆವು. ಒಂದೊಂದು ಕಡೆ ಏಳೇ ಮಂದಿ ಆಡುವ ಆಟ ಅದು. ಗೋಲಿನಲ್ಲಿ ಅವನು, ಅವನ ಮುಂದೆ ಚೆಂಡು ತಡೆಯುವ ಸ್ಟಾಪರ್ ನಾನು. ನಮ್ಮ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಮೇಲಿಂದ ಬರುವ ಚೆಂಡಿಗೆ ಗೋಲ್‌ಕೀಪರ್ ‘ಬುಡ್ಲ’ ಎಂದು ಕೂಗಿದರೆ ಸ್ಟಾಪರ್ ಬಿಡಬೇಕು. ಮನೆಯಲ್ಲಿ ನಾವು ತುಳು ಮಾತಾಡುವವರು, ‘ಬುಡ್ಲ’ ಅಂದರೆ ಬಿಡು ಎಂದಷ್ಟೇ. ಯಾಕೆ ಎಂದು ಕೇಳಬಾರದು, ಹಿಂದೆ ತಿರುಗಿ ನೋಡಬಾರದು. ಬಿಟ್ಟು ಬದಿಗೆ ಸರಿಯಬೇಕು. ನಾನು ಅವನಿಗಿಂತ ಆರು ವರ್ಷ ದೊಡ್ಡವನು. ಹೊರಗೆ ನನ್ನ ಮಾತಿಗೆ ಅವನು ಎದುರು ಹೇಳುತ್ತಿರಲಿಲ್ಲ, ಗೋಲಿನ ಪೆಟ್ಟಿಗೆಯೊಳಗೆ ಅವನ ಮಾತಿಗೆ ನಾನು.

ಸೋಂಕು ಬಂದ ವರ್ಷ ಮಾರ್ಚ್ ತಿಂಗಳಲ್ಲಿ, ಕೆಲವೇ ಪಂದ್ಯ ಉಳಿದಿರುವಾಗ, ಲೀಗ್ ನಿಂತಿತು. ಅವನು ಸಿಕ್ಕಿದ ರೈಲು ಹತ್ತಿ ಊರಿಗೆ ಬಂದ. ಹದಿನೈದು ದಿನ ಚಿಕ್ಕಮ್ಮ ಕಿಟಕಿಯ ಹೊರಗಿನಿಂದ ಊಟ ಇಟ್ಟರು. ಆಮೇಲೆ ಬೇಸಗೆ ಹೋಯಿತು, ಮಳೆ ಹಿಡಿಯಿತು. ಚಿಕ್ಕಪ್ಪ ದುಬೈಯಲ್ಲಿ ಒಂದು ಅಂಗಡಿ ನೋಡಿಕೊಳ್ಳುತ್ತಿದ್ದರು. ವಿಮಾನ ಮತ್ತೆ ಶುರುವಾದ ಮೇಲೆ ಮಗನೂ ಅಲ್ಲಿಗೆ ಬರಲಿ, ವೀಸಾ ಮಾಡಿಸುತ್ತೇನೆ ಎಂದರು.

ಆಗಸ್ಟಿನಲ್ಲಿ ತಂಡದ ಗೋಲ್‌ಕೀಪಿಂಗ್ ಕೋಚ್ ಫೋನ್ ಮಾಡಿದರು. ಲೀಗ್ ಹೊಸದಾಗಿ ಮೊದಲಿನಿಂದ ನಡೆಯುತ್ತದಂತೆ. ಎಲ್ಲ ಪಂದ್ಯಗಳೂ ಕೋಲ್ಕತ್ತದಲ್ಲೇ, ಜನರಿಲ್ಲದೆ. ಆಟಗಾರರು ಹೋಟೆಲ್ ಮತ್ತು ಮೈದಾನ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಜಾಗ ಉಂಟು, ಆದರೆ ಕ್ಯಾಂಪಿಗೆ ಬಂದ ಕೂಡಲೇ ಆಟದ ಪರೀಕ್ಷೆ, ಅದರಲ್ಲಿ ಸೋತರೆ ವಾಪಸ್. ಫೋನ್ ಇಟ್ಟ ಮೇಲೆ ತಮ್ಮ ನನ್ನ ಮನೆಗೆ ಬಂದು ಜಗಲಿಯಲ್ಲಿ ಕುಳಿತು, ತನಗೆ ಒಂದು ಪಂದ್ಯ ಆಡಬೇಕು, ಆಮೇಲೆ ದುಬೈಗೆ ಬೇಕಾದರೆ ಹೋಗುತ್ತೇನೆ ಎಂದ. ಅವನಿಗೆ ಇದ್ದದ್ದು ಅದೊಂದೇ ಆಸೆ.

ಅಭ್ಯಾಸಕ್ಕೆ ಜಾಗ ಇರಲಿಲ್ಲ. ನನ್ನ ಶಾಲೆ ಸೋಂಕಿತರ ಚಿಕಿತ್ಸಾ ಕೇಂದ್ರವಾಗಿತ್ತು, ಮೈದಾನಕ್ಕೆ ಹಗ್ಗ ಕಟ್ಟಿದ್ದರು. ಹಾರಿ ಬೀಳಲು ಮರಳು ಬೇಕು, ಅದು ಇದ್ದದ್ದು ಊರಿನ ತೆಂಕಿಗಿರುವ ಹೊಳೆಯ ಆಚೆ ದಡದಲ್ಲಿ, ಅದು ಕಡಲು ಸೇರುವ ಅಳಿವೆಯ ಹತ್ತಿರ. ನಮ್ಮ ವಾರ್ಡನ್ನು ಮುಚ್ಚಿದ್ದರಿಂದ ಹೆದ್ದಾರಿಯ ಸೇತುವೆಯಲ್ಲಿ ಪೊಲೀಸರು ತಡೆಯುತ್ತಿದ್ದರು. ಉಳಿದದ್ದು ರೈಲು ಸೇತುವೆ. ಊರಿನ ಅರ್ಧ ಜನ ಆಗ ಅದರಲ್ಲೇ ದಾಟುತ್ತಿದ್ದರು, ಮೀನಿನ ಬುಟ್ಟಿ ಹೊತ್ತವರು, ಔಷಧಿಗೆ ಹೋಗುವವರು, ಕೆಲಸವಿಲ್ಲದೆ ಸುಮ್ಮನೆ ಹೋಗುವವರು. ಓಡುತ್ತಿದ್ದದ್ದು ಎರಡೋ ಮೂರೋ ವಿಶೇಷ ರೈಲು, ಅವುಗಳ ವೇಳೆ ಎಲ್ಲರಿಗೂ ಬಾಯಿಪಾಠ. ಗೂಡ್ಸ್ ರೈಲಿಗೆ ವೇಳೆ ಇಲ್ಲ. ಆದರೆ ಅದಕ್ಕೆ ನಮ್ಮಲ್ಲಿ ಎದುರು ಬರುವ ಹಳಿ ಇತ್ತು.

ಬೆಳಿಗ್ಗೆ ನನ್ನ ಆನ್‌ಲೈನ್ ಕ್ಲಾಸಿಗೆ ಮೊದಲು ಹೋಗಿ ಬರುತ್ತಿದ್ದೆವು. ಹೋಗುವಾಗ ಕಡಲಿನ ಬದಿಯ ಸೇತುವೆ, ಬರುವಾಗ ಗುಡ್ಡೆಯ ಬದಿಯದ್ದು. ತಂಡದವರು ಕೊಟ್ಟಿದ್ದ ಐದು ಚೆಂಡುಗಳನ್ನು ಬಲೆಚೀಲದಲ್ಲಿ ಹಾಕಿ ನಾನು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಮರಳಿನಲ್ಲಿ ನಾನು ಒದೆಯುವುದು, ಅವನು ಹಾರುವುದು. ನನ್ನ ಕಾಲಿನಲ್ಲಿ ಮೊದಲಿನ ಬಿರುಸು ಇರಲಿಲ್ಲ.

“ಅಣ್ಣ, ಇದು ಶಾಟಾ, ಪಾಠವಾ?” ಎಂದು ಒಂದು ದಿನ ಕೇಳಿದ. “ಇಷ್ಟು ನಿಧಾನಕ್ಕೆ ಬಂದರೆ ನೋಟ್ಸ್ ಬರ್ಕೊಳ್ಬಹುದು.”

ಸೆಪ್ಟೆಂಬರಿನ ಆ ಬೆಳಿಗ್ಗೆ ಸಣ್ಣ ಮಳೆ, ಕಡಲಿನಿಂದ ಜೋರು ಗಾಳಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಭ್ಯಾಸ ಮುಗಿಸಿ ವಾಪಸ್ ಹೊರಟಾಗ, ತೆಂಕು ಬದಿಯಲ್ಲಿ ಸ್ವಲ್ಪ ದೂರಕ್ಕೆ ಕಡಲಿನ ಬದಿಯ ಹಳಿಯಲ್ಲಿ ಕೆಲಸದವರು ಕಂಡರು. ಕೆಂಪು ಬಾವುಟ ನೆಟ್ಟು, ಹಳಿ ಬಿಚ್ಚಿ ಏನೋ ಬದಲಿಸುತ್ತಿದ್ದರು. ಒಬ್ಬ ಕೈ ಎತ್ತಿ ಏನೋ ಕೂಗಿದ, ನಾವೂ ಕೈ ಎತ್ತಿದೆವು. ಒಂದು ದಾರಿ ಮುಚ್ಚಿದರೆ ವಾಹನ ಇನ್ನೊಂದರಲ್ಲಿ ಬರುತ್ತದೆ ಎಂದು ತಿಳಿಯಲು ಬಿ.ಎಡ್. ಬೇಕಾಗಿಲ್ಲ. ಆರು ತಿಂಗಳಿಂದ ನಮ್ಮ ರಸ್ತೆಗಳಲ್ಲಿ ಆಗುತ್ತಿದ್ದದ್ದೇ ಅದು. ಆದರೂ ನಾವು ಗುಡ್ಡೆಯ ಬದಿಯ ಸೇತುವೆ ಹತ್ತಿದೆವು. ಬಡಗಿಗೆ ಹೋಗುವವರು ಹತ್ತುವ ಸೇತುವೆ ಅದು.

ಆ ಸೇತುವೆಯಲ್ಲಿ ಎರಡು ಕಂಬಿಗಳ ನಡುವೆ ನಡೆಯಲು ಕಬ್ಬಿಣದ ತಗಡು ಹಾಸಿದ್ದಾರೆ. ತಗಡಿನ ಎರಡೂ ಬದಿಗೆ, ಸ್ಲೀಪರುಗಳ ಸಂದಿನಲ್ಲಿ ಕೆಳಗಿನ ನೀರು ಕಾಣುತ್ತದೆ. ಹಳಿ ನೋಡಿಕೊಳ್ಳುವ ಕೆಲಸದವರು ರೈಲು ಬಂದಾಗ ನಿಲ್ಲಲೆಂದು ಅಲ್ಲಲ್ಲಿ ಹೊರಕ್ಕೆ ಚಾಚಿದ ಸಣ್ಣ ಕಟಕಟೆಗಳಿವೆ, ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು ಜಾಗ. ಅವನು ಮುಂದೆ ಇದ್ದ, ನಾನು ಚೀಲ ಹೊತ್ತು ಹಿಂದೆ. ನಡುಸೇತುವೆಗೆ ಬಂದಾಗ ಕಾಲಿನ ಕೆಳಗೆ ತಗಡು ನಡುಗಿತು.

ನಾನು ಎದುರು ನೋಡಿದೆ. ಹಳಿ ಖಾಲಿ ಇತ್ತು. ಉಪ್ಪಳದ ಕಡೆಗೆ ನೇರವಾಗಿ, ಮಳೆಯಲ್ಲಿ ಮಿನುಗುತ್ತ, ಬಹಳ ದೂರದವರೆಗೆ ಖಾಲಿ.

ಎಷ್ಟು ಹೊತ್ತು ಹಾಗೆ ಎದುರು ನೋಡುತ್ತ ನಿಂತೆ ಎಂದು ನನಗೆ ಗೊತ್ತಿಲ್ಲ. ಕಾಲಿಗೆ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣದ್ದರಿಂದ ಅದು ಇಲ್ಲ ಎಂದುಕೊಂಡೆ. ನನ್ನ ಮನಸ್ಸು ಹಿಂದಕ್ಕೆ ತಿರುಗಲೇ ಇಲ್ಲ. ಮುಂದಿದ್ದ ತಮ್ಮ ಏನೋ ಹೇಳಲು ತಿರುಗಿದ. ಅವನ ಮುಖ ನೋಡಿ ನನಗೆ ಅರ್ಥವಾಯಿತು ಎಂದು ಆಮೇಲೆ ಕೆಲವರಿಗೆ ಹೇಳಿದ್ದೇನೆ, ಅದು ನಿಜವಲ್ಲ. ನನಗೆ ಏನೂ ಅರ್ಥವಾಗಲಿಲ್ಲ. ಅವನು ಕೂಗಿದ.

“ಬುಡ್ಲ!”

ನನ್ನ ಕೈ ಚೀಲವನ್ನು ಬಿಟ್ಟಿತು, ಮೈ ಬದಿಗೆ ಸರಿಯಿತು. ಮತ್ತೆ ಕಾಲು ಓಡಿತು. ಅವನು ಅಷ್ಟರಲ್ಲಿ ಕಟಕಟೆಯೊಳಗೆ ಹಾರಿ, ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈ ಚಾಚಿದ್ದ. ಆ ಎಡಗೈಯನ್ನು ಹಿಡಿದೆ. ಅವನು ಎಳೆದ. ನನ್ನ ಭಾರವೆಲ್ಲ ಅವನ ಕೈಯ ಮೇಲೆ, ಕೈ ಕಬ್ಬಿಣದ ಮೇಲೆ ಬಿತ್ತು. ಬೆನ್ನ ಹಿಂದಿನಿಂದ ಬಂದ ಎಂಜಿನ್ ನಮ್ಮನ್ನು ದಾಟಿತು. ಮತ್ತೆ ಗೂಡ್ಸ್ ಬೋಗಿಗಳು, ಒಂದರ ಹಿಂದೆ ಒಂದು, ಮುಖಕ್ಕೆ ಒಂದು ಮೊಳ ದೂರದಲ್ಲಿ. ಅವನ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಕೆಲಸ ನಡೆಯುವ ಜಾಗವೆಂದು ರೈಲು ನಿಧಾನಕ್ಕೆ ಬರುತ್ತಿತ್ತಂತೆ, ಸಿಳ್ಳೆಯನ್ನೂ ಹಾಕುತ್ತಿತ್ತಂತೆ. ಗಾಳಿಗೆ ನಮಗೆ ಕೇಳಲಿಲ್ಲ. ವೇಗ ಇದ್ದಿದ್ದರೆ ಎಂಬ ಲೆಕ್ಕವನ್ನು ನಾನು ಹಲವು ಸಲ ಮಾಡಿದ್ದೇನೆ. ಮಕ್ಕಳಿಗೆ ಕೊಡುವಂಥ ಸುಲಭದ ಲೆಕ್ಕ ಅದು.

ಸೇತುವೆ ದಾಟಿ ಜಲ್ಲಿಯ ಮೇಲೆ ಕುಳಿತೆವು. ಚೀಲ ಹರಿದು ಚೆಂಡುಗಳು ಹೊಳೆಗೆ ಬಿದ್ದಿದ್ದವು. ಕೆಂಪು ನೀರಿನಲ್ಲಿ ಐದು ಬಿಳಿ ಚೆಂಡು, ಒಂದಕ್ಕೊಂದು ತಾಗದೆ, ಅಳಿವೆಯ ಕಡೆಗೆ ಹೋಗುತ್ತಿದ್ದವು.

“ಐದೂ ಹೋಯ್ತು,” ಎಂದ ತಮ್ಮ. ಮತ್ತೆ ತನ್ನ ಎಡಗೈಯನ್ನು ಎತ್ತಿ ನೋಡಿದ. ಉಂಗುರದ ಬೆರಳು ಬೇರೆ ಯಾರದ್ದೋ ಬೆರಳಿನ ಹಾಗೆ ಹೊರಕ್ಕೆ ತಿರುಗಿತ್ತು.

ಉಪ್ಪಳದ ಕ್ಲಿನಿಕ್ಕಿನಲ್ಲಿ ಚೆಂಡು ಬಡಿಯಿತು ಎಂದ. ಡಾಕ್ಟರು ಬೆರಳನ್ನು ಎಳೆದು ಕೂರಿಸಿ, ಎಕ್ಸ್‌ರೇ ನೋಡಿ, ಗೆಣ್ಣಿನಲ್ಲಿ ಬಿರುಕು ಉಂಟು, ಒಂದೂವರೆ ತಿಂಗಳು ಏನನ್ನೂ ಹಿಡಿಯಬಾರದು ಎಂದರು. ಕ್ಯಾಂಪಿಗೆ ಉಳಿದಿದ್ದದ್ದು ಒಂದೇ ತಿಂಗಳು. ಕೋಚಿಗೆ ಹೇಳಿಬಿಡು ಎಂದೆ. ಹೇಳಿದರೆ ನಾಳೆಯೇ ಇನ್ನೊಬ್ಬನನ್ನು ಕರೆಯುತ್ತಾರೆ, ಮೂರನೇ ಗೋಲ್‌ಕೀಪರನಿಗೆ ಯಾರೂ ಕಾಯುವುದಿಲ್ಲ ಎಂದ. ಅದು ನಿಜವೇ. ಆ ಬೆರಳು ನನ್ನ ಭಾರಕ್ಕೆ ಮುರಿದದ್ದು.

ಚಿಕ್ಕಮ್ಮನಿಗೂ ಚೆಂಡು ಬಡಿದದ್ದು ಎಂದೇ ಹೇಳಿದೆವು. ಚೀಲ ಎಲ್ಲಿ ಎಂದು ಅವರು ಕೇಳಿದರು. ಹೊಳೆಯ ಆಚೆ ಗೆಳೆಯನ ಮನೆಯಲ್ಲಿ ಇಟ್ಟಿದ್ದೇವೆ, ದಿನಾ ಹೊರುವುದು ಯಾಕೆ ಎಂದ ತಮ್ಮ. ಅವರು ಸರಿ ಎಂದರು. ಮರುದಿನದಿಂದ ನಾವು ಸೇತುವೆ ಹತ್ತಲಿಲ್ಲ. ಮನೆಯ ಹಿಂದಿನ ತೆಂಗಿನ ಬುಡದಲ್ಲಿ ನಾನು ಟೆನಿಸ್ ಚೆಂಡು ಎಸೆಯುತ್ತಿದ್ದೆ, ಅವನು ಬಲಗೈಯಲ್ಲಿ ಹಿಡಿಯುತ್ತಿದ್ದ. ಚೀಲವನ್ನು ಯಾವಾಗ ತರುತ್ತೀರಿ ಎಂದು ಚಿಕ್ಕಮ್ಮ ಮತ್ತೆ ಕೇಳಲಿಲ್ಲ.

ಹೊರಡುವ ಮೊದಲು ಉಂಗುರದ ಬೆರಳನ್ನು ನಡುಬೆರಳಿಗೆ ಸೇರಿಸಿ ಟೇಪ್ ಸುತ್ತುವುದನ್ನು ಅಭ್ಯಾಸ ಮಾಡಿಕೊಂಡ. ಹಾಗೆ ಸುತ್ತುವ ಗೋಲ್‌ಕೀಪರುಗಳು ತುಂಬ ಮಂದಿ ಇದ್ದಾರೆ, ಯಾರಿಗೂ ಸಂಶಯ ಬರುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದೆ ಎಂದು ಸುದ್ದಿ ಬಂತು. ಹೇಗೆ ಎಂದು ಕೇಳಿದ್ದಕ್ಕೆ ಹೆಚ್ಚಿನದನ್ನು ಎದೆಯಲ್ಲಿ ಹಿಡಿದೆ, ಉಳಿದದ್ದನ್ನು ಗುದ್ದಿದೆ ಎಂದ.

ಲೀಗ್ ಶುರುವಾಯಿತು. ಸಂಜೆ ನಾನು ಚಿಕ್ಕಮ್ಮನ ಮನೆಗೆ ಹೋಗಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡುತ್ತಿದ್ದೆ. ಸಾವಿರಾರು ಖಾಲಿ ಕುರ್ಚಿಗಳ ಮುಂದೆ ಇಪ್ಪತ್ತೆರಡು ಮಂದಿ ಆಡುವುದನ್ನು ನೋಡಲು ಒಂದು ತರಹ ಆಗುತ್ತಿತ್ತು. ಜನರ ಸದ್ದು ಇಲ್ಲದ್ದರಿಂದ ಚೆಂಡಿಗೆ ಕಾಲು ತಾಗುವುದು, ಕೋಚ್ ಬೈಯುವುದು ಎಲ್ಲ ಕೇಳುತ್ತಿತ್ತು. ಕ್ಯಾಮೆರಾ ಬೆಂಚಿನ ಕಡೆ ಹೋದಾಗ ಮುಖಗವಸು ಹಾಕಿ ದೂರ ದೂರ ಕುಳಿತವರಲ್ಲಿ ಚಿಕ್ಕಮ್ಮ ಅವನನ್ನು ಹುಡುಕುತ್ತಿದ್ದರು. ನಾನು ಅವನ ಕೈ ನೋಡುತ್ತಿದ್ದೆ.

ಲೀಗ್ ಅರ್ಧ ಆಗುವ ಹೊತ್ತಿಗೆ ಮೊದಲನೇ ಗೋಲ್‌ಕೀಪರನಿಗೆ ಪಾಸಿಟಿವ್ ಬಂತು. ಅವನ ರೂಮಿನಲ್ಲೇ ಇದ್ದ ಎರಡನೆಯವನನ್ನೂ ಬೇರೆ ಇಟ್ಟರು. ಮಧ್ಯಾಹ್ನ ತಮ್ಮ ಒಂದೇ ಸಾಲಿನ ಮೆಸೇಜ್ ಕಳಿಸಿದ, ಇವತ್ತು ನಾನು. ಚಿಕ್ಕಮ್ಮ ದೇವರಿಗೆ ದೀಪ ಇಟ್ಟು ಬಂದು ಚಾ ಮಾಡಿದರು. ಮಾಮೂಲಿಗಿಂತ ಬೆಲ್ಲ ಹೆಚ್ಚಾಗಿತ್ತು.

ಅವನು ಮೊದಲ ಅರ್ಧದಲ್ಲಿ ಒಂದು ಗೋಲು ಬಿಟ್ಟ, ಯಾರಿಗೂ ತಡೆಯಲಾಗದ ಗೋಲು. ಎರಡನೇ ಅರ್ಧದಲ್ಲಿ ನಮ್ಮವರು ಸಮ ಮಾಡಿದರು. ಕೊನೆಗೆ ಎದುರಿನವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಎತ್ತರಕ್ಕೆ ಬಂತು, ಗೋಲಿನ ಮುಂದೆ ಹತ್ತು ಮಂದಿ, ಅವನು ಅವರ ನಡುವಿನಿಂದ ಮೇಲಕ್ಕೆ ಹೋಗುತ್ತ ಕೂಗಿದ. ಆ ತಂಡದಲ್ಲಿ ತುಳು ಬರುವವರು ಇನ್ನೊಬ್ಬರಿಲ್ಲ. ಆದರೂ ಅದೇ ಶಬ್ದ ಕೂಗಿದ. ಖಾಲಿ ಮೈದಾನದಿಂದ ಅದು ಸ್ಪಷ್ಟವಾಗಿ ಅಡುಗೆಮನೆಯವರೆಗೆ ಬಂತು.

ನನ್ನ ಕೈಯಲ್ಲಿದ್ದ ಲೋಟ ಬಿತ್ತು. ಚಾ ಕಾಲಿನ ಮೇಲೆ ಚೆಲ್ಲಿತ್ತು, ಬಿಸಿ ತಿಳಿಯಲಿಲ್ಲ. ನಾನು ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಫೋನಿನಲ್ಲಿ ಅವನು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಬಿದ್ದಿದ್ದ, ಎದ್ದ, ಎಲ್ಲರನ್ನೂ ಮುಂದಕ್ಕೆ ಹೋಗಲು ಕೈ ಬೀಸಿದ. ಎಡಗೈಯನ್ನು ಒಮ್ಮೆ ಕೊಡವಿದ.

ಚಿಕ್ಕಮ್ಮ ಬಟ್ಟೆ ತಂದು ನೆಲ ಒರಸಿದರು. ಮತ್ತೆ ಕುಕ್ಕರಗಾಲಿನಲ್ಲೇ ಕುಳಿತು ನನ್ನ ಮುಖ ನೋಡಿದರು.

“ಇನ್ನಾದರೂ ಹೇಳು,” ಎಂದರು. “ಆ ಚೆಂಡುಗಳು ಎಂತ ಆದವು?”

ಹೇಳಿದೆ. ಪಂದ್ಯ ಮುಗಿಯುವವರೆಗೆ ಹೇಳಿದೆ, ಸಮ ಆಯಿತೆಂದು ಆಮೇಲೆ ನೋಡಿದೆವು. ಚಿಕ್ಕಮ್ಮ ನಡುವೆ ಒಂದೇ ಒಂದು ಮಾತು ಕೇಳಿದರು, ರೈಲು ಹೋಗುವಾಗ ಅವನು ನಿನ್ನ ಮುಂದೆ ನಿಂತದ್ದಾ, ಹಿಂದೆಯಾ. ಹಿಂದೆ ಎಂದೆ. ರೈಲಿನ ಬದಿಯಲ್ಲಿ ನಾನಿದ್ದೆ. ಅವರು ತಲೆ ಆಡಿಸಿ ಒದ್ದೆ ಬಟ್ಟೆಯನ್ನು ತೊಳೆಯಲು ಎದ್ದರು.

ಎರಡು ದಿನದಲ್ಲಿ ಇನ್ನಷ್ಟು ಮಂದಿಗೆ ಸೋಂಕು ತಗಲಿ ಲೀಗ್ ಮತ್ತೆ ನಿಂತಿತು. ಅವರೆಲ್ಲ ಹೋಟೆಲಿನ ರೂಮುಗಳಲ್ಲಿ ಬಾಗಿಲು ಹಾಕಿ ಕುಳಿತರು. ಪುನಃ ಶುರುವಾದಾಗ ಮೊದಲನೇ ಗೋಲ್‌ಕೀಪರ್ ಗುಣವಾಗಿದ್ದ. ತಮ್ಮನ ಬೆರಳು ಆ ಕ್ಯಾಚಿನಲ್ಲಿ ಮತ್ತೆ ಊದಿತ್ತು. ತಂಡದ ಡಾಕ್ಟರು ಎಕ್ಸ್‌ರೇ ತೆಗೆಸಿ, ಇದು ಹಳೆಯದು ಎಂದರಂತೆ. ಉಳಿದ ದಿನಗಳನ್ನು ಬೆಂಚಿನಲ್ಲೂ ಕೂರಿಸಲಿಲ್ಲ, ಮುಂದಿನ ವರ್ಷಕ್ಕೆ ಕರೆಯಲೂ ಇಲ್ಲ. ಅವನು ಈಗ ದುಬೈಯಲ್ಲಿದ್ದಾನೆ. ಶುಕ್ರವಾರಗಳಲ್ಲಿ ಆಡುತ್ತಾನಂತೆ. ಬೆರಳು ಪೂರ್ತಿ ಮಡಚುವುದಿಲ್ಲ. ನಾನು ಆ ವಿಷಯ ಎತ್ತಿದರೆ ಒಂದು ಮ್ಯಾಚ್ ಆಯಿತಲ್ಲ ಅಣ್ಣ ಎನ್ನುತ್ತಾನೆ, ಮಾತು ಬೇರೆ ಕಡೆ ತಿರುಗಿಸುತ್ತಾನೆ.

ನನಗೆ ಆ ಸೇತುವೆ ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ಕ್ಲಾಸಿನಲ್ಲಿ, ಬೋರ್ಡಿನ ಕಡೆಗೆ ತಿರುಗಿ ಮಕ್ಕಳಿಗೆ ಬೆನ್ನು ಹಾಕಿ ಬರೆಯುವಾಗ. ಅದರಲ್ಲಿ ರೈಲು ಬರುವುದಿಲ್ಲ. ಎದುರಿನ ಖಾಲಿ ಹಳಿ ಮಾತ್ರ ಇರುತ್ತದೆ, ಮತ್ತು ನಾನು ಯಾರಾದರೂ ಕೂಗಲಿ ಎಂದು ಕಾಯುತ್ತಿರುತ್ತೇನೆ. ಈಗ ಹೊಳೆ ದಾಟುವುದಾದರೆ ಹೆದ್ದಾರಿಯಲ್ಲೇ ದಾಟುತ್ತೇನೆ. ಅಲ್ಲಿಂದ ರೈಲು ಕಂಡರೆ ಬೈಕ್ ನಿಲ್ಲಿಸಿ ಯಾವ ಬದಿಯಲ್ಲಿ ಬಂತೆಂದು ನೋಡುತ್ತೇನೆ. ಇಲ್ಲಿಯವರೆಗೆ ಎಲ್ಲವೂ ಅದರದರ ಹಳಿಯಲ್ಲೇ ಬಂದಿವೆ.