ವಾರಂಟಿ ಕಾರ್ಡಿನ ಆರನೇ ಷರತ್ತು

ಆರ್.ಟಿ. ನಗರದ ಆ ಹಾಸಿಗೆ ಅಂಗಡಿಯಲ್ಲಿ ನನ್ನ ಹೆಂಡತಿ ಹತ್ತು ನಿಮಿಷ ಮಲಗಿದ್ದಳು. ಬೆನ್ನುಹುರಿಯ ಪಕ್ಕ ಬೆಳೆದಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದು ಮೂರು ತಿಂಗಳಾಗಿತ್ತು. ಕಾಲಿಗೆ ಇನ್ನೂ ಪೂರ್ತಿ ಶಕ್ತಿ ಬಂದಿರಲಿಲ್ಲ. ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕಿದರೆ ಸುಸ್ತಾಗುತ್ತಿತ್ತು. ದಿನದ ಬಹುಪಾಲು ಮಲಗಿಯೇ ಇರುವವರಿಗೆ ಒಳ್ಳೆಯ ಹಾಸಿಗೆ ಬೇಕು, ಇಲ್ಲದಿದ್ದರೆ ಮಲಗಿದಲ್ಲೇ ಬೆಡ್ ಸೋರ್ ಹುಣ್ಣುಗಳಾಗುತ್ತವೆ ಎಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದೆವು. ಪಿಯುಸಿ ಓದುತ್ತಿದ್ದ ಮಗಳು ಅಮ್ಮನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.

“ನಾನ್ ಇಲ್ಲೇ ಇದ್ಬುಡ್ತೀನಿ, ನೀವಿಬ್ರೂ ಮನೆಗ್ ಓಗಿ,” ಎಂದು ನನ್ನ ಹೆಂಡತಿ ನಕ್ಕಳು. ಮಾಕಳಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಯಲಹಂಕದ ಪುಟ್ಟೇನಹಳ್ಳಿಗೆ ಬಂದು ಇಪ್ಪತ್ತು ವರ್ಷವಾದರೂ ಅವಳ ನಾಲಿಗೆಗೆ ಹಕಾರ ಹತ್ತಿರಲಿಲ್ಲ. ಮಗಳು ಅಣಕಿಸಿದರೆ, “ನಿಮ್ಮಪ್ಪಂಗೆ ಅರ್ಥ ಆಯ್ತದಲ್ಲ, ಸಾಕ್ ಬುಡು” ಎನ್ನುತ್ತಿದ್ದಳು.

ಅಂಗಡಿಯವನಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಆಪರೇಷನ್ ಆಗಿರುವುದು, ಅವಳು ಹೆಚ್ಚು ಹೊತ್ತು ಮಲಗಿಯೇ ಇರುವುದು, ಎಲ್ಲವನ್ನೂ ಹೇಳಿದೆ. “ಸರ್, ಇದು ಪೇಷಂಟ್‌ಗಳಿಗೆ ಅಂತಾನೇ ಮಾಡಿರೋದು. ಹತ್ತು ವರ್ಷ ವಾರಂಟಿ. ಕಣ್ಮುಚ್ಕೊಂಡ್ ತಗೊಂಡ್ ಹೋಗಿ,” ಎಂದ. ಯಲಹಂಕದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಹೊಸ ಮೆಷಿನ್ನಿಗೆಂದು ಕೂಡಿಟ್ಟಿದ್ದನ್ನು ಆ ಹಾಸಿಗೆಗೆ ಹಾಕಿದೆ. ಅದರ ಬಗ್ಗೆ ನನಗೆ ಅಂದು ಹೆಮ್ಮೆಯೇ ಇತ್ತು.

ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಹಾಸಿಗೆ ಟೆಂಪೊದಲ್ಲಿ ಮನೆ ತಲುಪುವಷ್ಟರಲ್ಲಿ ಅದರ ಪ್ಲಾಸ್ಟಿಕ್ ಹೊದಿಕೆಯೆಲ್ಲ ಧೂಳಾಗಿತ್ತು. ಬಿಚ್ಚಿದಾಗ ಒಳಗಿನಿಂದ ಒಂದು ಕಾರ್ಡು ಬಿತ್ತು. ಅದನ್ನು ಬಿಲ್ಲಿಗೆ ಪಿನ್ ಹೊಡೆದು ಬೀರುವಿನಲ್ಲಿಟ್ಟೆ. ಓದಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಯಾರ ಯಾರದೋ ಕಾಗದ ಪತ್ರಗಳು ನನ್ನ ಕೈಯಲ್ಲಿ ಹಾದುಹೋಗುತ್ತಿದ್ದವು. ಕಾಗದವನ್ನು ನೆಟ್ಟಗೆ ಇಡುವುದು ನನ್ನ ಕೆಲಸ, ಓದುವುದಲ್ಲ ಎಂಬುದು ರೂಢಿಯಾಗಿಬಿಟ್ಟಿತ್ತು.

ಎರಡನೇ ತಿಂಗಳಿಗೇ ಹಾಸಿಗೆ ನಡುವೆ ತಗ್ಗು ಬಿತ್ತು. ಮೊದಲು ಅಂಗೈಯಷ್ಟು, ಆಮೇಲೆ ಮೊರದಷ್ಟು. ನನ್ನ ಹೆಂಡತಿ ಎಲ್ಲಿ ಮಲಗಿದರೂ ಜಾರಿ ಅದರೊಳಕ್ಕೆ ಇಳಿಯುತ್ತಿದ್ದಳು. ಒಮ್ಮೆ ಇಳಿದರೆ ಮಗ್ಗಲು ಬದಲಿಸುವುದಕ್ಕೂ ಯಾರಾದರೂ ಕೈ ಕೊಡಬೇಕು. ಸೊಂಟದ ಹತ್ತಿರ ಚರ್ಮ ಕೆಂಪಗಾಗಿ, ಕೆಲವೇ ದಿನಗಳಲ್ಲಿ ಹುಣ್ಣಾಯಿತು. ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಮಾಡಿ ಅಂದರು. ಕಂಪನಿಗೆ ಮಾಡಿದರೆ ಬಿಲ್ ಕಳಿಸಿ, ಫೋಟೋ ಕಳಿಸಿ, ಕಾಯಿರಿ ಅಂದರು. ಕಾದೆವು. ಕೊನೆಗೆ ಕಂಪನಿಯ ತಪಾಸಣೆಯವನೊಬ್ಬ ಮನೆಗೆ ಬಂದ.

ಕೈಯಲ್ಲಿ ದಾರ, ಸ್ಕೇಲು. ನನ್ನ ಹೆಂಡತಿಯನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದೆ. ಅವನು ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರ ಎಳೆದು, ತಗ್ಗಿನಲ್ಲಿ ಸ್ಕೇಲು ನಿಲ್ಲಿಸಿ ಅಳೆದ. “ಹೂಂ, ಇದೆ,” ಎಂದು ಒಪ್ಪಿಕೊಂಡ. ಆಮೇಲೆ ಬೆಡ್‌ಶೀಟನ್ನು ಪೂರ್ತಿ ಎಳೆದು ತೆಗೆದ. ತಗ್ಗಿನ ಒಂದು ಬದಿಯಲ್ಲಿ ಹಳದಿ ಬಣ್ಣದ ಕಲೆಯೊಂದಿತ್ತು. ಅಲ್ಲಿಯವರೆಗೆ ನಾನೂ ಅದನ್ನು ನೋಡಿರಲಿಲ್ಲ.

“ಸ್ಟೇನ್ ಇದೆ ಸರ್. ವಾರಂಟಿ ಬರಲ್ಲ.”

“ತಗ್ಗು ಬಿದ್ದಿರೋದಕ್ಕೂ ಕಲೆಗೂ ಏನ್ರೀ ಸಂಬಂಧ?”

“ಕಾರ್ಡ್ ಓದಿಲ್ವಾ? ಆರನೇ ಕಂಡೀಷನ್. ಕಲೆ, ತೇವ ಆಗಿದ್ರೆ ವಾರಂಟಿ ಕ್ಯಾನ್ಸಲ್. ನಾನ್ ರಿಪೋರ್ಟ್ ಹಾಕೋನು ಅಷ್ಟೇ ಸರ್.” ಮೊಬೈಲಿನಲ್ಲಿ ಕಲೆಯ ಫೋಟೋ ತೆಗೆದುಕೊಂಡ. ಹತ್ತಿರದಿಂದ ಒಂದು, ದೂರದಿಂದ ಒಂದು. ನನ್ನ ಹೆಂಡತಿ ಅದೇ ಕೋಣೆಯಲ್ಲಿ, ನಾಲ್ಕಡಿ ದೂರದಲ್ಲಿ ಕುಳಿತಿದ್ದಳು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಅವನು ಹೋದ ಮೇಲೆ ಅವಳೇ ಹೇಳಿದಳು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ, ಮಗಳು ಕಾಲೇಜಿನಲ್ಲಿದ್ದಳು. ಬಚ್ಚಲಿಗೆ ಹೋಗಬೇಕೆಂದು ಏಳಲು ನೋಡಿದರೆ ತಗ್ಗಿನಿಂದ ಮೇಲೆ ಬರಲಾಗಲಿಲ್ಲವಂತೆ. ಮಂಚದ ಸರಳು ಹಿಡಿದು ಎಳೆದು ನೋಡಿದಳಂತೆ. ಅಷ್ಟರಲ್ಲಿ ಆಗಿಹೋಯಿತು. ಬಹಳ ಹೊತ್ತಿನ ಮೇಲೆ ಹೇಗೋ ಎದ್ದು, ಒದ್ದೆ ಬಟ್ಟೆಯಲ್ಲಿ ಉಜ್ಜಿ, ಬೇರೆ ಶೀಟು ಹಾಸಿ, ನಾವು ಬರುವಷ್ಟರಲ್ಲಿ ಏನೂ ಆಗದವಳಂತೆ ಕುಳಿತಿದ್ದಳು.

“ಎಲ್ಲಾ ನನ್ನಿಂದ್ಲೇ ಆಳಾಯ್ತು,” ಎಂದಳು.

ಆಗ ನಾನು ಅವಳ ಪಕ್ಕ ಕುಳಿತು, ನಿನ್ನಿಂದಲ್ಲ ಕಣೇ, ಎನ್ನಬೇಕಿತ್ತು. ನಾನು ಕಂಪನಿಯ ಮೇಲಿನ ಕೋಪದಲ್ಲಿದ್ದೆ. “ನೋಡ್ತಾ ಇರು, ಇವರನ್ನ ಬಿಡಲ್ಲ,” ಎಂದು ಎದ್ದು ಹೊರಗೆ ಹೋದೆ.

ನನ್ನ ಅಂಗಡಿಗೆ ಬರುತ್ತಿದ್ದ ವಕೀಲರೊಬ್ಬರು ದಾರಿ ತೋರಿಸಿದರು. ಗ್ರಾಹಕರ ವೇದಿಕೆಗೆ ದೂರು ಕೊಡಲು ವಕೀಲರೇ ಬೇಕೆಂದಿಲ್ಲ, ನಿಮ್ಮ ಮಾತಿನಲ್ಲೇ ಬರೆದು ಕೊಡಬಹುದು, ಬಿಲ್ಲು ಮತ್ತು ಕಾರ್ಡಿನ ಪ್ರತಿ ಲಗತ್ತಿಸಿ, ಹಾಸಿಗೆಯನ್ನು ಮಾತ್ರ ಹಾಗೇ ಇಟ್ಟುಕೊಂಡಿರಿ ಎಂದರು. ನಾನು ದೂರು ಬರೆಯಲು ಕುಳಿತಾಗ ನನ್ನ ಹೆಂಡತಿ ಬೇಡವೆಂದಳು.

“ನಾಕ್ ಜನದ್ ಮುಂದೆ ನನ್ ಆಸಿಗೆ ಇಸ್ಯ ಯಾಕ್ರೀ? ಓಗ್ಲಿ ಬುಡಿ.”

“ಕಲೆ ವಿಷ್ಯ ಎತ್ತಲ್ಲ. ತಗ್ಗು ಬಿದ್ದಿರೋದಷ್ಟೇ ಬರೀತೀನಿ,” ಎಂದು ಮಾತು ಕೊಟ್ಟೆ.

ಅವಳಿಗೆ ಹತ್ತಿ ಹಾಸಿಗೆಯೊಂದನ್ನು ಹೊಲಿಸಿ ತಂದು ಹಾಸಿದೆ. ಆ ದುಬಾರಿ ಹಾಸಿಗೆಯನ್ನು ಕಲೆ ಕಾಣದಂತೆ ಒಳಮಗ್ಗಲು ಮಾಡಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಇರುವುದೇ ಎರಡು ಕೋಣೆ, ಬೇರೆ ಜಾಗವಿರಲಿಲ್ಲ. ಅವಳು ಕಣ್ಣು ಬಿಟ್ಟರೆ ಎದುರಿಗೆ ಅದೇ.

ಕಂಪನಿಯ ಉತ್ತರ ವೇದಿಕೆಗೆ ಬಂದಾಗ ಅದರಲ್ಲಿ ಕಲೆಯದೇ ಮಾತು. ಜೊತೆಗೆ ಆ ಎರಡು ಫೋಟೋ. ಸುಮ್ಮನಿದ್ದರೆ ಒಪ್ಪಿಕೊಂಡಂತಾಗುತ್ತದೆ, ನಡೆದದ್ದನ್ನು ಬರೆದು ಅಫಿಡವಿಟ್, ಅಂದರೆ ಪ್ರಮಾಣಪತ್ರ, ಹಾಕಿ ಎಂದರು ವಕೀಲರು. ನಾನು ಮನೆಯಲ್ಲಿ ಹೇಳದೆ, ಅಂಗಡಿಯಲ್ಲಿ ಕುಳಿತು ಬರೆದೆ. ಆ ಮಧ್ಯಾಹ್ನ ಏನಾಯಿತೆಂದು, ಅವಳು ನನಗೆ ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಹಾಸಿಗೆ ನೆಟ್ಟಗಿದ್ದಿದ್ದರೆ ಅವಳು ಎದ್ದು ಬಚ್ಚಲಿಗೆ ಹೋಗುತ್ತಿದ್ದಳು, ಇದರಲ್ಲಿ ನನ್ನ ಹೆಂಡತಿಯ ತಪ್ಪು ಎಳ್ಳಷ್ಟೂ ಇಲ್ಲ ಎಂದು ಬರೆದೆ. ವೇದಿಕೆಗೆ, ಹಾಸಿಗೆ ಅಂಗಡಿಗೆ, ಕಂಪನಿಗೆ ಬೇರೆ ಬೇರೆ ಪ್ರತಿ ಬೇಕಿತ್ತು. ಫೋಟೋಗಳನ್ನು ಗಾಜಿನ ಮೇಲಿಟ್ಟು ಮೆಷಿನ್ ಓಡಿಸುವಾಗ, ಸಾಲಿನಲ್ಲಿ ನಿಂತಿದ್ದ ಗಿರಾಕಿಗಳಿಗೆ ಕಾಣದಂತೆ ಮೈ ಅಡ್ಡ ಮಾಡಿಕೊಂಡು ನಿಂತಿದ್ದೆ.

ಒಂದು ಬೆಳಿಗ್ಗೆ ಮಗಳು ನನ್ನನ್ನು ಅಡುಗೆಮನೆಗೆ ಕರೆದಳು. “ಅಪ್ಪಾ, ಅಮ್ಮ ನೀರೇ ಕುಡೀತಿಲ್ಲ. ನಾನ್ ಇಟ್ಟಿದ್ ಚೊಂಬು ಸಂಜೆಗೂ ಹಂಗೇ ಇರುತ್ತೆ. ಕೇಳಿದ್ರೆ ಬಾಯಾರಲ್ಲ ಅಂತಾಳೆ.”

ನಾನು ಹೋಗಿ ಗದರಿದೆ. ಅವಳು ನನ್ನೆದುರಿಗೆ ಅರ್ಧ ಲೋಟ ಕುಡಿದಳು. ಯಾಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇನ್ನೊಂದು ಸಲ ಆಗಬಾರದೆಂದು ಅವಳು ನೀರನ್ನೇ ಬಿಟ್ಟಿದ್ದಳು.

ವಿಚಾರಣೆಯ ದಿನ ಕಂಪನಿಯ ವಕೀಲ ನನ್ನನ್ನು ಕೇಳಿದ: “ನಿಮ್ಮ ಪತ್ನಿ ಹಾಸಿಗೆ ಒದ್ದೆ ಮಾಡಿದ್ದು ನಿಜ ತಾನೇ?” ಕೋಣೆಯಲ್ಲಿ ಹದಿನೈದು ಇಪ್ಪತ್ತು ಜನರಿದ್ದರು. ನಿಜ ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಜೋರಾಗಿ ಹೇಳಿ ಎಂದರು, ಇನ್ನೊಮ್ಮೆ ಹೇಳಿದೆ.

ವೇದಿಕೆಯ ಸದಸ್ಯೆಯೊಬ್ಬರು ಕನ್ನಡಕ ತೆಗೆದು ಆ ವಕೀಲನನ್ನು ನೋಡಿದರು. “ಈ ಷರತ್ತನ್ನ ಮಾರೋವಾಗ ಇವರಿಗೆ ಹೇಳಿದ್ರಾ?”

“ಕಾರ್ಡಿನಲ್ಲಿ ಅಚ್ಚು ಹಾಕಿದೆ ಮೇಡಂ.”

“ಕಾರ್ಡ್ ಎಲ್ಲಿತ್ತು?”

“ಪ್ಯಾಕಿಂಗ್ ಒಳಗಡೆ.”

“ಅಂದ್ರೆ ದುಡ್ಡು ಕೊಟ್ಟು, ಮನೆಗೆ ತಗೊಂಡ್ ಹೋಗಿ, ಬಿಚ್ಚಿದ ಮೇಲೆ ಓದ್ಬೇಕು. ರೋಗಿಗಳಿಗೆ ಅಂತ ಹೇಳಿ ಮಾರಿದ್ದೀರಿ. ಕಾಯಿಲೆಯವರ ಹಾಸಿಗೆ ಮೇಲೆ ಕಲೆ ಆಗ್ಬಾರ್ದು ಅಂದ್ರೆ ಹೇಗ್ರೀ?”

ವಕೀಲ ಫೈಲು ತಿರುವಿದ. ಆದೇಶಕ್ಕೆ ಇನ್ನೊಂದು ದಿನ ಗೊತ್ತು ಮಾಡಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ಗೆದ್ದೆವೆಂದೇ ಅನ್ನಿಸಿತ್ತು. ಮನೆಗೆ ಬಂದರೆ ನನ್ನ ಹೆಂಡತಿಗೆ ಚಳಿಜ್ವರ, ಮೈ ನಡುಗುತ್ತಿತ್ತು.

ಹೆಬ್ಬಾಳದ ಆಸ್ಪತ್ರೆಯಲ್ಲಿ, ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದರು. ಸೊಂಟದ ಹುಣ್ಣೂ ವಾಸಿಯಾಗಿರಲಿಲ್ಲ. “ನೀರು ಸರಿಯಾಗಿ ಕುಡೀತಿದ್ರಾ?” ಎಂದು ಡಾಕ್ಟರು ಕೇಳಿದಾಗ ಮಗಳು ನನ್ನ ಮುಖ ನೋಡಿದಳು.

ಮೂರನೆಯ ದಿನ ಜ್ವರ ಸ್ವಲ್ಪ ಇಳಿದಾಗ ನನ್ನ ಹೆಂಡತಿ ನನ್ನನ್ನು ಹತ್ತಿರ ಕರೆದಳು. “ಕೇಸು ಏನಾಯ್ತು?”

“ಬೇಡ ಅಂದ್ರೆ ಬಿಟ್ಬಿಡೋಣ. ವಾಪಸ್ ತಗೊಳ್ತೀನಿ.”

“ಬ್ಯಾಡ, ಬುಡ್ಬ್ಯಾಡಿ.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. “ನಂದು ತಪ್ಪಿಲ್ಲ ಅಂತ ಅವ್ರು ಬರ್ಕೊಡ್ತಾರಾ?”

“ಬರ್ಕೊಡ್ತಾರೆ,” ಎಂದೆ. ನಾನೇ ಅದನ್ನು ಬರೆದು ಕೊಟ್ಟಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಹೇಳಿದರೆ ಕಲೆಯ ವಿಷಯವನ್ನು ಬರೆದಿದ್ದೂ ಹೇಳಬೇಕಾಗುತ್ತಿತ್ತು, ಕೊಟ್ಟ ಮಾತು ಮುರಿದದ್ದು ಗೊತ್ತಾಗುತ್ತಿತ್ತು. ಪಕ್ಕದ ಮಂಚದವರ ನೆಂಟರು ಬೇರೆ ಸುತ್ತ ಕುಳಿತಿದ್ದರು. ಹುಷಾರಾಗಿ ಮನೆಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅವಳು ಮನೆಗೆ ಬರಲಿಲ್ಲ. ಸೋಂಕು ರಕ್ತಕ್ಕೆ ಸೇರಿ, ಅದಾದ ಐದನೆಯ ದಿನ ತೀರಿಕೊಂಡಳು.

ತಿಥಿ ಮುಗಿದು ಕೆಲವು ವಾರಗಳಿಗೆ ಆದೇಶ ಬಂತು. ಅವಳು ಹೋದದ್ದನ್ನು ನಾನು ವೇದಿಕೆಗೆ ತಿಳಿಸಿರಲಿಲ್ಲ, ತಿಳಿಸಬೇಕೆಂದೂ ಹೊಳೆದಿರಲಿಲ್ಲ. ಹಾಸಿಗೆ ದೋಷಪೂರಿತವಾಗಿತ್ತು, ಮೊದಲೇ ತಿಳಿಸದ ಷರತ್ತಿಗೆ ಗ್ರಾಹಕರನ್ನು ಕಟ್ಟಿಹಾಕುವಂತಿಲ್ಲ, ಕಲೆಗೆ ದೂರುದಾರರ ಪತ್ನಿ ಹೊಣೆಯಲ್ಲ, ಅವರ ಉಪಯೋಗಕ್ಕೆ ಕಂಪನಿಯು ಹೊಸ ಹಾಸಿಗೆಯನ್ನು ಒದಗಿಸತಕ್ಕದ್ದು ಎಂದಿತ್ತು. ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ಆ ದಿನ ಶಟರ್ ಎಳೆದು ಬೇಗ ಮನೆಗೆ ಹೋದೆ.

ಹಾಸಿಗೆ ತಂದವರು ಇಬ್ಬರು. ಹಳೆಯದನ್ನು ಹೊತ್ತು ಟೆಂಪೊಗೆ ಹಾಕಿದರು. ಹೊಸದನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಅವರಲ್ಲೊಬ್ಬ ಕೇಳಿದ, “ಪೇಷಂಟ್ ಯಾವ್ ರೂಮಲ್ಲಿ ಮಲ್ಗ್ತಾರೆ ಸರ್? ಅಲ್ಲೇ ಹಾಕ್ಕೊಟ್ಟು ಹೋಗ್ತೀವಿ.”

“ಅಮ್ಮ ಇಲ್ಲ ಅಣ್ಣ. ತೀರ್ಕೊಂಡ್ರು,” ಎಂದಳು ಮಗಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಸಿಗೆಯನ್ನು ಗೋಡೆಗೆ ಒರಗಿಸಿ, ನನ್ನಿಂದ ಸಹಿ ಹಾಕಿಸಿಕೊಂಡು ಹೋದರು. ನಾವು ಅದನ್ನು ಬಿಚ್ಚಲಿಲ್ಲ. ತಣಿಸಂದ್ರದಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಿತ್ತು. ಮುಂದಿನ ಭಾನುವಾರ ಅಲ್ಲಿಗೆ ಕೊಟ್ಟು ಬಂದೆ.

ಅವತ್ತು ವಾಪಸ್ ಬಂದಾಗ ಮಗಳು ಕೇಸಿನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನನ್ನ ಪ್ರಮಾಣಪತ್ರವನ್ನು ಓದಿಯಾಗಿತ್ತು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುತ್ತಾ ಕೇಳಿದಳು.

“ನೀವ್ ಇದನ್ನ ಬರ್ದಿದ್ದು ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ.”

“ಅಮ್ಮಂದ್ ತಪ್ಪಿಲ್ಲ ಅಂತ ಬರ್ದಿದ್ದನ್ನ ಅವಳಿಗೆ ಓದಿ ಹೇಳ್ಬೇಕಿತ್ತಪ್ಪ,” ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. “ಒಂದಿನ ಬೈಕೊಂಡು ಸುಮ್ನಾಗ್ತಿದ್ಲು. ಆದ್ರೆ ನೀರು ಕುಡೀತಿದ್ಲು.”