ಅಪ್ಪನ ಮೂರನೇ ಕೂಗು

ನಮ್ಮಪ್ಪನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕುಡಿಯಲು ನೀರು ಕೇಳಿದರೂ ನಾಲ್ಕು ಮನೆಯಾಚೆಗೆ ಕೇಳಿಸಬೇಕು. "ಒಂದು ಚೆಂಬು ನೀರ್ಗೂ ಹರಾಜು ಕೂಗ್ಬೇಕಾ?" ಎಂದು ಅಮ್ಮ ರೇಗುತ್ತಿದ್ದಳು. ರೇಗುತ್ತಲೇ ಎದ್ದು ನೀರು ಕೊಡುತ್ತಿದ್ದಳು. ಆ ಗಂಟಲು ಈಗ ಎಲ್ಲಿಂದ ತರಲಿ? ಮುದುಕಿಯಾದ ಮೇಲೆ ನನಗೆ ಬೇರೆಲ್ಲ ಮರೆಯುತ್ತಿದೆ, ಆ ದನಿಯೊಂದು ಮಾತ್ರ ಕಿವಿಯೊಳಗೇ ಕೂತಿದೆ.

ಅಪ್ಪನಿಗೆ ಎರಡು ಬದುಕು. ಒಂದು, ವಂಶದಿಂದ ಬಂದ ದನಗಾರಿಕೆ. ಬರಗೂರಿನ ಕಡೆ ಊರಾಚೆಯ ಹುಲ್ಲುಗಾವಲಿನಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿದ ದೊಡ್ಡ ರೊಪ್ಪ. ಅದರ ತುಂಬ ಹಸು, ಹೋರಿ, ಕರು. ಇನ್ನೊಂದು, ಮಹಾರಾಜರ ಸರ್ಕಾರದ ಹರಾಜು ಕೂಗುವ ಕೆಲಸ. ಹುಣಸೆ ಮರದ ಫಸಲು, ಕೆರೆಯಂಗಳದ ಹುಲ್ಲು, ಸರ್ಕಾರಿ ದೊಡ್ಡಿಗೆ ಬಿದ್ದ ಬೀಡಾಡಿ ದನ, ದೇವಸ್ಥಾನಕ್ಕೆ ಹರಕೆಯಾಗಿ ಬಂದ ಹಸು, ಎಲ್ಲವನ್ನೂ ಅಪ್ಪನೇ ಕೂಗಿ ಮಾರಬೇಕು. ಮಧುಗಿರಿಯಲ್ಲಿ ನಿಂತು ಕೂಗಿದರೆ ಆ ಬೋಳು ಬೆಟ್ಟಕ್ಕೆ ಬಡಿದು ದನಿ ಹಿಂದಕ್ಕೆ ಬರುತ್ತಿತ್ತು. "ಬೆಟ್ಟನೂ ಸವಾಲು ಹಾಕ್ತಾ ಐತೆ ಕಣ್ರಪ್ಪಾ, ನೀವ್ಯಾಕ್ ಸುಮ್ನಿದೀರಿ?" ಎಂದು ಅಪ್ಪ ಜನರನ್ನು ಕೆಣಕುತ್ತಿದ್ದ.

ಕೊನೆಯ ಸವಾಲು ಬಿದ್ದ ಮೇಲೆ ಒಂದನೇ ಸಾರಿ ಎನ್ನುವನು. ಎರಡನೇ ಸಾರಿ ಎಂದು ಸ್ವಲ್ಪ ತಡೆಯುವನು. ಮೂರನೇ ಸಾರಿ ಎಂದೊಡನೆ ಪಕ್ಕದಲ್ಲಿ ನಿಂತವನು ತಮಟೆಗೆ ಒಂದೇಟು ಹಾಕುವನು. ಅಲ್ಲಿಗೆ ಮುಗಿಯಿತು, ಅಮಲ್ದಾರರು ಬಂದರೂ ತಿರುಗಿಸುವಂತಿಲ್ಲ. ಕೂಗುವವನಾಗಲಿ ಅವನ ಮನೆಯವರಾಗಲಿ ಹರಾಜಿನಲ್ಲಿ ಏನನ್ನೂ ಕೊಳ್ಳುವಂತಿಲ್ಲ ಎನ್ನುವುದೂ ಕಟ್ಟಳೆ.

ಒಮ್ಮೆ ದೊಡ್ಡಿಯ ಹರಾಜು ಮುಗಿದ ಮೇಲೆ ಒಬ್ಬ ವಿಧವೆ ಓಡುತ್ತಾ ಬಂದು, ಈಗ ಮಾರಿದ್ದು ತನ್ನ ಹಸು ಎಂದು ಅಪ್ಪನ ಕಾಲು ಹಿಡಿದಳಂತೆ. "ಮೂರಾದ್ಮೇಲೆ ಮಾತಿಲ್ಲ ತಾಯಿ" ಎಂದುಬಿಟ್ಟ. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ, ನಮ್ಮನ್ನೆಲ್ಲ ಸುಮ್ಮಸುಮ್ಮನೆ ಬೈದ. ಬೆಳಗಾಗುತ್ತಲೇ ನಮ್ಮ ರೊಪ್ಪದಿಂದ ಒಂದು ಕಡಸನ್ನು ಹೊಡೆದುಕೊಂಡು ಹೋಗಿ ಅವಳ ಮನೆ ಮುಂದೆ ಕಟ್ಟಿ ಬಂದ. "ಸರ್ಕಾರದ್ ಮಾತು ಉಳ್ಸಾಕೆ ನಮ್ ಕಡಸೇ ಆಗ್ಬೇಕಿತ್ತಾ?" ಎಂದು ಅಮ್ಮ ಗೊಣಗಿದಳು. ಆದರೆ ಬೇಡ ಎನ್ನಲಿಲ್ಲ.

ಅಮ್ಮನಿಗೆ ಬೇರೆ ದನಗಳ ಮೇಲೆ ಅಷ್ಟು ಮೋಹವಿರಲಿಲ್ಲ. ಮದಲೂರಿನ ತವರಿನಿಂದ ಬಳುವಳಿಯಾಗಿ ಬಂದ ಹಸುವೊಂದಿತ್ತು, ಹಣೆಯಲ್ಲಿ ಬಿಳಿ ಚುಕ್ಕಿ. ಅದರ ಮಗಳು, ಮೊಮ್ಮಗಳು ಎಲ್ಲಕ್ಕೂ ಅದೇ ಚುಕ್ಕಿ. ಆ ತಳಿಯದನ್ನು ಮಾತ್ರ ಅವಳು ರೊಪ್ಪಕ್ಕೆ ಬಿಡದೆ ಮನೆಯ ಕೊಟ್ಟಿಗೆಯಲ್ಲೇ ಕಟ್ಟಿಕೊಳ್ಳುತ್ತಿದ್ದಳು. ಅವಳು ಕಾಯಿಲೆ ಬಿದ್ದು ಔಷಧಿ ಯಾವುದೂ ನಾಟದೆ ಹೋದಾಗ, ಅಪ್ಪ ಯಾರನ್ನೂ ಕೇಳದೆ ಆ ಚುಕ್ಕಿಯ ಕಡಸೊಂದನ್ನು ಮಧುಗಿರಿಯ ದೇವರಿಗೆ ಹರಕೆ ಕೊಟ್ಟು ಬಂದ. ಅಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಸಿಟ್ಟಿಳಿದು, "ಆಗಿದ್ ಆಯ್ತು. ಅದು ಹರಾಜಿಗೆ ಬಂದಾಗ ಬುಡುಸ್ಕಂಡು ಬರ್ಬೇಕು. ನನ್ ತವರಿನ ತಳಿ ಈ ಗೂಟ ಬುಟ್ಟು ಹೋಗ್ಬಾರ್ದು" ಎಂದು ಅಪ್ಪನಿಂದ ಭಾಷೆ ತೆಗೆದುಕೊಂಡಳು. ಅಷ್ಟು ಹೇಳಿ ಹೆಚ್ಚು ದಿನ ಬದುಕಲಿಲ್ಲ. ಎಂಥ ದೇವರೋ ಏನೋ, ಕಡಸನ್ನೂ ಇಟ್ಟುಕೊಂಡ, ಅಮ್ಮನನ್ನೂ ಕರೆದುಕೊಂಡ.

ಮುಂದಿನ ಬೇಸಿಗೆಯಲ್ಲಿ ದನಗಳಿಗೆ ದೊಡ್ಡ ರೋಗ ಬಂತು. ರೊಪ್ಪ ಬರಿದಾಯಿತು, ಕೊಟ್ಟಿಗೆಯೂ ಬರಿದಾಯಿತು. ಗಾಡಿಯ ಎತ್ತು ಎರಡು ಉಳಿದವು. ಅಮ್ಮನ ತಳಿಯಲ್ಲಿ ಭೂಮಿಯ ಮೇಲಿದ್ದದ್ದು ಆ ಹರಕೆಯ ಕಡಸು ಒಂದೇ. ದೇವಸ್ಥಾನದವರು ಅದನ್ನು ಹಾಲಿಗೆಂದು ಇಟ್ಟುಕೊಂಡಿದ್ದರು. ಅಪ್ಪ ಕೆಲಸದಿಂದ ನಿವೃತ್ತನಾದ ವರ್ಷವೇ ಅದು ಹರಾಜಿಗೆ ಬರುತ್ತದೆಂದು ಸುದ್ದಿ ಬಂತು. ಇನ್ನು ಕೊಳ್ಳಲು ಕಟ್ಟಳೆಯ ಅಡ್ಡಿಯಿಲ್ಲ. ಅಪ್ಪ ಕತ್ತಾಳೆ ನಾರು ತಂದು ಜಗಲಿಯ ಮೇಲೆ ಕೂತು ಹೊಸ ಹಗ್ಗ ಹೊಸೆದ. ಕೊಟ್ಟಿಗೆಯ ಗೂಟವನ್ನು ಮತ್ತೆ ಗಟ್ಟಿಯಾಗಿ ಬಡಿದ. ನಾನಾಗ ಮಕ್ಕಳೊಂದಿಗೆ ತವರಿಗೆ ಬಂದಿದ್ದೆ. "ನೀನೂ ಬಾ ಮಗಾ, ನಿಮ್ಮವ್ವನ ಹಸಾನ ಕರ್ಕಂಡ್ ಬರಾನ" ಎಂದ. ಮಕ್ಕಳನ್ನು ಅತ್ತಿಗೆಗೆ ಒಪ್ಪಿಸಿ ಗಾಡಿ ಹತ್ತಿದೆ.

ದಾರಿಯುದ್ದಕ್ಕೂ ಅಪ್ಪ ನನಗೆ ವಿದ್ಯೆ ಹೇಳಿಕೊಟ್ಟ. "ಮೊದ್ಲೇ ಬಾಯ್ ಬುಟ್ಟೋನು ಬೆಲೆ ಏರುಸ್ತಾನೆ, ಅಷ್ಟೆ. ನಿಜವಾಗ್ಲೂ ಬೇಕಾದೋನು ಎರಡನೇ ಸಾರಿ ಅನ್ನೋಗಂಟ ಉಸಿರೆತ್ತಬಾರ್ದು. ಆಮೇಲೆ ಒಂದೇ ಮಾತು!"

ದೇವಸ್ಥಾನದ ಮುಂದೆ ಹಸು ನಿಂತಿತ್ತು. ಅದೇ ಚುಕ್ಕಿ, ಅಮ್ಮನ ಹಸುವಿನದೇ ಕಣ್ಣು. ಅಪ್ಪನ ಜಾಗದಲ್ಲಿ ಒಬ್ಬ ಹೊಸಬ ಕೂಗುತ್ತಿದ್ದ, ದನಿ ಎದುರು ಸಾಲಿಗೂ ಮುಟ್ಟುತ್ತಿರಲಿಲ್ಲ. ತಮಟೆಯವನು ಮಾತ್ರ ಹಳಬ. ಸವಾಲು ಏರುತ್ತಾ ಏರುತ್ತಾ ಪಾವಗಡದ ಕಡೆಯ ಒಬ್ಬ ರೈತನಲ್ಲಿಗೆ ಬಂದು ನಿಂತಿತು. ಬೇರೆಯವರೆಲ್ಲ ಸುಮ್ಮನಾದರು. ಹೊಸಬ ಒಂದನೇ ಸಾರಿ ಎಂದ. ಎರಡನೇ ಸಾರಿ ಎಂದು ತಡೆದ. ನಾನು ಅಪ್ಪನ ಮೊಣಕೈ ತಿವಿದೆ. ಅಪ್ಪ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ.

"ಮೂರನೇ ಸಾರೀ!"

ದನಿ ಬೆಟ್ಟಕ್ಕೆ ಬಡಿದು ಬಂತು. ಆ ದನಿಗೇ ಕಾದಿದ್ದವನ ಹಾಗೆ ತಮಟೆಯವನು ಬಾರಿಸಿಬಿಟ್ಟ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮುಪ್ಪಿನವರೆಗೆ ಎರಡರ ಹಿಂದೆ ಮೂರನ್ನೇ ಅಂದ ನಾಲಿಗೆ, ಬೇರೇನನ್ನು ತಾನೇ ಅಂದೀತು? ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿದ್ದ.

ಹರಾಜು ನಡೆಸುತ್ತಿದ್ದ ಶೇಕದಾರರು ಒಳ್ಳೆಯವರು. ಸಂಗತಿ ತಿಳಿದೊಡನೆ, "ಯಜಮಾನ್ರೇ, ಕೂಗೋ ಅಧಿಕಾರ ಈಗ ನಿಮ್ಮದಲ್ಲವಲ್ಲ. ಇದು ಲೆಕ್ಕಕ್ಕಿಲ್ಲ, ಮತ್ತೆ ಕೂಗಿಸ್ತೀನಿ" ಎಂದರು. ಪಾವಗಡದವನೂ ಹತ್ತಿರ ಬಂದು, "ಪೆದ್ದಾಯನಾ, ಆವು ಮೀಕೇ ಕಾವಾಲಂಟೇ ತೀಸ್ಕೋಂಡಿ. ಬೇಕಂದ್ರೆ ನೀವೇ ತಗಳ್ಳಿ, ನಾನು ಬೇರೆ ಹಸ ನೋಡ್ಕಂತೀನಿ" ಎಂದ. ಇನ್ನೇನು ಬೇಕು! ಹಗ್ಗ ತರಲು ನಾನು ಆಗಲೇ ಗಾಡಿಯ ಕಡೆ ತಿರುಗಿದ್ದೆ.

"ಬ್ಯಾಡ ಸ್ವಾಮಿ" ಎಂದ ಅಪ್ಪ. "ತಮಟೆ ಬಿತ್ತು. ಒಂದ್ಸಲ ಗಂಡ ಸತ್ತ ಒಬ್ಳು ಹೆಂಗಸು ನನ್ ಕಾಲ್ ಹಿಡ್ಕಂಡಾಗ ಮೂರಾದ್ಮೇಲೆ ಮಾತಿಲ್ಲ ಅಂದಿದ್ದೆ. ನಂಗೆ ಒಂದು ನ್ಯಾಯ, ಅವಳ್ಗೆ ಒಂದಾ?"

ನಾನು ಅಷ್ಟು ಜನರ ಮುಂದೆಯೇ ಜಗಳಕ್ಕೆ ನಿಂತೆ. ಅಮ್ಮನಿಗೆ ಕೊಟ್ಟ ಭಾಷೆ ಏನಾಯಿತು ಎಂದು ಕೇಳಿದೆ. ಕೊಂಡವನು ಹಗ್ಗ ತಂದಿರಲಿಲ್ಲ. ಅಪ್ಪ ಗಾಡಿಗೆ ಹೋಗಿ ತಾನು ಹೊಸೆದ ಹಗ್ಗವನ್ನೇ ತಂದು ಹಸುವಿನ ಕೊರಳಿಗೆ ಕಟ್ಟಿ, ಚುಕ್ಕಿಯನ್ನೊಮ್ಮೆ ಸವರಿ, ತುದಿಯನ್ನು ಅವನ ಕೈಗೆ ಕೊಟ್ಟ. "ಒಂದಿಷ್ಟು ಮೊಂಡಾಟ ಐತೆ ಇದರ ತಳೀಲಿ. ಹೊಡೀಬ್ಯಾಡಪ್ಪಾ, ಕರುದ್ರೆ ಬತ್ತದೆ" ಎಂದ. ಹಸು ಹೋಯಿತು.

ಹಿಂದಕ್ಕೆ ಬರುವಾಗ ನಾನು ಮುಖ ತಿರುಗಿಸಿಕೊಂಡು ಕೂತಿದ್ದೆ. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಪ್ಪ ಕಾಲು ತೊಳೆದವನು ಒಳಗೆ ಬರದೆ ನೇರವಾಗಿ ಕೊಟ್ಟಿಗೆಗೆ ಹೋದ. ಕರೆಯಲು ಹೋದರೆ, ಆ ಬರಿಗೂಟದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಮ್ಮನೊಂದಿಗೆ ಮಾತಾಡುತ್ತಿದ್ದ.

"ಬುಡುಸ್ಕಂಡ್ ಬರಾಕೇ ಹೋಗಿದ್ದೆ ಕಣೇ. ನಾನೇ ಕೂಗ್ಬುಟ್ಟೆ."

ಇಷ್ಟು ಮೆಲ್ಲನೆಯ ದನಿ ಅಪ್ಪನಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು, ಬಾಗಿಲಲ್ಲೇ ನಿಂತು ಅತ್ತೆ.

ಅವತ್ತಿನಿಂದ ಅಪ್ಪ ನೀರನ್ನೂ ಮೆಲ್ಲಗೇ ಕೇಳತೊಡಗಿದ. ಎಷ್ಟು ಮೆಲ್ಲಗೆ ಎಂದರೆ, ಒಲೆಯ ಮುಂದೆ ಕೂತವರಿಗೆ ಕೇಳಿಸುತ್ತಿರಲಿಲ್ಲ. ತವರಿಗೆ ಬಂದಾಗಲೆಲ್ಲ, ಕೇಳಿಸಿದರೂ ನಾನು ಬೇಕೆಂದೇ ಏಳದೆ, "ಜೋರಾಗ್ ಕೇಳಪ್ಪಾ, ಕೇಳುಸ್ತಾ ಇಲ್ಲ!" ಎಂದು ಒಳಗಿನಿಂದ ಕೂಗುತ್ತಿದ್ದೆ. ಅಪ್ಪ ಇನ್ನೊಂದು ಸಲ ಕೇಳುತ್ತಿರಲಿಲ್ಲ. ತಾನೇ ಎದ್ದು ಬಂದು ಚೆಂಬು ತೆಗೆದುಕೊಳ್ಳುತ್ತಿದ್ದ.