ಇಸುಜು ಮತ್ತು ನಲವತ್ತು ಸಹಿಗಳು

ಇಸುಜು ನನ್ನ ಪುಸ್ತಕದಂಗಡಿಗೆ ಕೆಲಸಕ್ಕೆ ಬಂದಾಗ ಅವಳಿಗೆ ಇಪ್ಪತ್ತಾರು. ವಾರದಲ್ಲಿ ಐದು ದಿನ ನನ್ನ ಹತ್ತಿರ, ಶನಿವಾರ ಭಾನುವಾರ ಬಾಡಿಗೆ ಪ್ರೇಯಸಿ. ಏಜೆನ್ಸಿಯವರು ಗೊತ್ತುಮಾಡಿದ ಗಂಡಸಿನ ಜೊತೆ ಎರಡು ಗಂಟೆ ಕೈ ಹಿಡಿದು ಒಸಾಕಾ ಸುತ್ತಬೇಕು, ಅವನು ಹೇಳಿದ್ದಕ್ಕೆಲ್ಲ ನಗಬೇಕು, ಹೊತ್ತು ಮುಗಿದ ಕೂಡಲೇ ಬಗ್ಗಿ ವಂದಿಸಿ ರೈಲು ಹತ್ತಬೇಕು. ಇದನ್ನು ಮೊದಲ ದಿನವೇ ಹೇಳಿಬಿಟ್ಟಳು. ನಾನು ಒಸಾಕಾದ ಹಿರಾನೊ ಪೇಟೆಯಲ್ಲಿ ಹುಟ್ಟಿ ಬೆಳೆದ ಬಾಯಿಬಡುಕಿ, ಸುಮ್ಮನಿದ್ದೇನೆಯೇ?

"ನಮ್ಮೆಜಮಾನ್ರು ಮೂವತ್ತು ವರ್ಷ ನನ್ನನ್ನ ಪುಕ್ಕಟೆ ನಗಿಸಿದ್ರು ಕಣೇ. ನೀನೇ ಜಾಣೆ."

"ನಿಮ್ಮನ್ನ ಬಾಡಿಗೆಗೆ ತಗೊಳ್ಳೋ ಧೈರ್ಯ ಯಾರಿಗಿದೆ ಅಕ್ಕಾ?"

ಅವತ್ತೇ ನನಗೆ ಇಷ್ಟವಾದಳು.

ಅಂಗಡಿಯಲ್ಲಿ ಹರೆಯದವರು ಓದುವ ಚಿತ್ರವಿರುವ ಪುಟ್ಟ ಕಾದಂಬರಿಗಳಿಗೆ ಒಂದು ಗೋಡೆಯೇ ಇದೆ. ಅದರಲ್ಲಿ ಅರ್ಧಕ್ಕರ್ಧ, ಬಾಡಿಗೆಗೆ ಶುರುವಾದ ಪ್ರೀತಿ ಕೊನೆಗೆ ನಿಜವಾಗುವ ಕತೆಗಳು. ಇಸುಜು ಅವನ್ನು ಓದಿ ಬಿದ್ದು ಬಿದ್ದು ನಗುತ್ತಿದ್ದಳು. "ಈ ಹುಡುಗೀರಿಗೆ ಕಾಲೇ ನೋಯಲ್ವಾ? ಹೈ ಹೀಲ್ಸ್ ಹಾಕ್ಕೊಂಡು ಝೂ ಸುತ್ತಿ ನೋಡ್ಲಿ, ಪ್ರೀತಿ ಎಲ್ಲಿಂದ ಬರುತ್ತೆ ಗೊತ್ತಾಗುತ್ತೆ."

ಹೀಗೆ ನಗುತ್ತಿದ್ದವಳೇ ಕುಸುನೊಸೆಯ ಬಲೆಗೆ ಬಿದ್ದಳು. ಇನ್ನೂ ಒಂದು ಪುಸ್ತಕವೂ ಅಚ್ಚಾಗದ ಲೇಖಕ. ನಾಲ್ಕು ಭಾನುವಾರ ಬಾಡಿಗೆ ಕೊಟ್ಟ. ಐದನೆಯ ಭಾನುವಾರ, "ಏಜೆನ್ಸಿ ಬೇಡ, ನಿಜವಾಗ್ಲೂ ಜೊತೆಗಿರೋಣ" ಅಂದ. ಇವಳು ಏಜೆನ್ಸಿ ಬಿಟ್ಟಳು. ಒಂದು ವರ್ಷ ಅವಳ ಮುಖ ನೋಡುವುದೇ ನನಗೊಂದು ಹಬ್ಬವಾಗಿತ್ತು.

ಅವನ ಕಾದಂಬರಿ ಅಚ್ಚಿಗೆ ಹೋಯಿತು. ಪುಸ್ತಕದ ಪಕ್ಕ ಅಂಗಡಿಯವರೇ ಕೈಯಲ್ಲಿ ಬರೆದು ನಿಲ್ಲಿಸುವ ಶಿಫಾರಸು ಚೀಟಿಯನ್ನು ಇಸುಜು ಮೊದಲೇ ಬರೆದಿಟ್ಟಳು: "ಇದನ್ನು ಬರೆದವರ ಮನಸ್ಸು ತುಂಬ ಒಳ್ಳೆಯದು. ನಂಬಿ ಓದಿ."

"ಪುಸ್ತಕಾನೇ ಬಂದಿಲ್ವಲ್ಲೇ," ಅಂದೆ.

"ಬರೆದೋರು ಗೊತ್ತಲ್ಲ ಅಕ್ಕಾ."

ನಲವತ್ತು ಪ್ರತಿಗಳ ಪೆಟ್ಟಿಗೆ ಬಂದದ್ದು ಬುಧವಾರ. ಇಂಥ ಪುಸ್ತಕ ಕೈಗೆ ಬಂದರೆ ಕೊನೆಯಲ್ಲಿರುವ ಲೇಖಕನ ಮಾತನ್ನೇ ನಮ್ಮವರು ಮೊದಲು ಓದುವುದು. ಇಸುಜು ನಿಂತಲ್ಲೇ ಓದಿದಳು. "ಈ ಕತೆಗಾಗಿ ಬಾಡಿಗೆ ಪ್ರೇಯಸಿಯೊಬ್ಬಳ ಜೊತೆ ಒಂದು ವರ್ಷ ಪ್ರೇಮದ ನಾಟಕವಾಡಿದೆ. ಸಂಶೋಧನೆ ಮುಗಿಯಿತು. ನಾನೀಗ ಒಂಟಿ, ಓದುಗರು ನಿಶ್ಚಿಂತೆಯಿಂದಿರಿ!" ಹಿಂದಿನ ಭಾನುವಾರವಷ್ಟೇ ಅವಳ ಮನೆಯಲ್ಲಿ ಎರಡು ಬಟ್ಟಲು ಅನ್ನ ಉಂಡು ಹೋಗಿದ್ದ, ಉಂಡ ಮನೆಯ ಗಳ ಎಣಿಸುವವನು.

ಆಮೇಲೆ ನಡುವಿನ ಒಂದು ಪುಟ ತೆರೆದು ನನ್ನ ಮುಂದಿಟ್ಟಳು. ಕತೆಯ ನಾಯಕಿ ಕೊರೊಕ್ಕೆ ಎಂಬ ಆಲೂಗಡ್ಡೆಯ ಕರಿದ ತಿಂಡಿ ಕಂಡು ಹೆದರಿ ಓಡಿ, ಕಾರಂಜಿಯೊಳಗೆ ಬೀಳುತ್ತಾಳೆ. ಪುಟದ ತುಂಬ ಚಿತ್ರ, ನಗಲಿಕ್ಕೆ.

"ನಮ್ಮಪ್ಪ ಕೊರೊಕ್ಕೆ ತರ್ತೀನಿ ಅಂತ ಹೋದೋರು ಮತ್ತೆ ಬರ್ಲಿಲ್ಲ ಅಕ್ಕಾ. ನನಗೆ ಏಳು ವರ್ಷ. ತಟ್ಟೆ ಇಟ್ಕೊಂಡು ಕಾದಿದ್ದೆ. ಈಗ್ಲೂ ಅದನ್ನ ಕಂಡ್ರೆ ಆಗಲ್ಲ. ಇದನ್ನ ಅವನೊಬ್ಬನಿಗೇ ಹೇಳಿದ್ದು."

ನನ್ನ ಮೈಯೆಲ್ಲ ಉರಿದುಹೋಯಿತು. ಶುಕ್ರವಾರ ಅವನು ಪುಸ್ತಕಗಳಿಗೆ ಸಹಿ ಹಾಕಲು ನಮ್ಮಲ್ಲಿಗೆ ಬರುವವನಿದ್ದ. ಸಹಿ ಬಿದ್ದ ಪುಸ್ತಕವನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ. ಸಹಿ ಹಾಕಿಸಿದರೆ ಅಂಗಡಿಯವರು ಮೇಲೆ ಬಿದ್ದು ಮಾರಲೇಬೇಕು.

"ಬರ್ಲಿ ಅವ್ನು! ಒಂದಕ್ಕೂ ಸಹಿ ಹಾಕೋಕೆ ಬಿಡಲ್ಲ. ಎಲ್ಲರೆದುರು ಗ್ರಹಚಾರ ಬಿಡಿಸ್ತೀನಿ. ನೀನು ನನ್ನ ಪಕ್ಕದಲ್ಲಿ ನಿಂತ್ಕೋ ಸಾಕು," ಅಂದೆ.

"ನಿಜವಾಗ್ಲೂ ಅಕ್ಕಾ?"

"ನಾನೇನು ಸುಳ್ಳು ಹೇಳೋಳೇನೇ?"

ಇಸುಜು ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ. ಶುಕ್ರವಾರ ಮೂರು ಗಂಟೆಗೆ ಪ್ರಕಾಶನದ ಸಂಪಾದಕನ ಜೊತೆ ಬಂದ. ಇಸುಜು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವನು ತನ್ನ ಹೆಸರಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮುಂದೆ ಬಗ್ಗಿ, "ಇದೇ ಮೊದಲ ಭೇಟಿ. ಪರಿಚಯವಾಗಿದ್ದು ಸಂತೋಷ," ಅಂದ.

ಇಸುಜು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಅಷ್ಟರಲ್ಲಿ ಸಂಪಾದಕ ನನಗೆ ಸೊಂಟದವರೆಗೆ ಬಗ್ಗಿ, "ಒಸಾಕಾದಲ್ಲಿ ಮೂರೇ ಅಂಗಡಿ ಆರಿಸಿದ್ದೀವಿ, ಅದ್ರಲ್ಲಿ ನಿಮ್ಮದೊಂದು," ಅಂದ. ನಮ್ಮಂಥ ಸಣ್ಣ ಅಂಗಡಿಗೆ ಹೊಸ ಪುಸ್ತಕದ ಪೆಟ್ಟಿಗೆ ಬರುವುದು ಇಂಥವರ ಮನಸ್ಸಿದ್ದರೆ ಮಾತ್ರ. ಕುರ್ಚಿ ಎಳೆದು ಕೊಟ್ಟೆ. ತಣ್ಣನೆಯ ಬಾರ್ಲಿ ಚಹಾ ತಂದಿಟ್ಟೆ. ಪೆನ್ನನ್ನೂ ನಾನೇ ಕೊಟ್ಟೆ.

ಅವನು ನಲವತ್ತಕ್ಕೂ ಸಹಿ ಹಾಕಿದ. ಶಾಯಿ ಹತ್ತದಂತೆ ಪ್ರತಿ ಸಹಿಯ ಮೇಲೆ ತೆಳು ಕಾಗದ ಇಟ್ಟು ಮುಚ್ಚುವುದು ಇಸುಜುವಿನ ಕೆಲಸ. ಒಂದೂ ತಪ್ಪದೆ ಮಾಡಿದಳು.

ಅವರು ಹೋದ ಮೇಲೆ ಏಪ್ರನ್ ಬಿಚ್ಚಿ ಮಡಚಿ ಗಲ್ಲಾದ ಪಕ್ಕ ಇಟ್ಟಳು.

"ಇಸುಜು, ಕೇಳೇ ಇಲ್ಲಿ..."

"ಅವನು ನನ್ನನ್ನ ಬಾಡಿಗೆಗೇ ತಗೊಂಡಿದ್ದ ಅಕ್ಕಾ, ಅದನ್ನ ಮರೆತಿದ್ದು ನನ್ನ ತಪ್ಪು. ನೀವು ಹಾಗಲ್ಲ ಅನ್ಕೊಂಡಿದ್ದೆ."

ಬಗ್ಗಿ ವಂದಿಸಿ ಹೊರಟುಹೋದಳು. ಮತ್ತೆ ಬರಲಿಲ್ಲ. ಅವಳನ್ನು ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ. ನಲವತ್ತೂ ಭಾನುವಾರದೊಳಗೆ ಖರ್ಚಾದವು. ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಇನ್ನೂ ನಲವತ್ತು ತರಿಸಿದೆ.